ರ‍್ಯಾಂಪ್ ದಾಟಿದ ಮೇಲೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅವತ್ತು ಇನ್ನೂ ಬಿಸಿಲಿತ್ತು ಎಂದು ನನ್ನ ನೆನಪು. ಆಗಲೇ ಕಾರಿನ ಲೈಟು ಹಾಕಿಕೊಂಡು ಬರುತ್ತಿದ್ದೆವು ಎನ್ನುತ್ತಾನೆ ಅಣ್ಣ. ನನ್ನ ತೊಡೆಯ ಮೇಲೆ ಅತ್ತೆ ಕಟ್ಟಿಕೊಟ್ಟ ಹೋಳಿಗೆ ಸಾರಿನ ಡಬ್ಬಿ ಇತ್ತು, ಅದು ಖಚಿತ. ಆಸ್ಪತ್ರೆಯಲ್ಲಿ ನರ್ಸ್ ನನ್ನ ಸೀರೆ ಮೂಸಿ, "ರಕ್ತ ಅಲ್ಲ ಬಿಡಿ, ಸಾರು" ಎಂದದ್ದು ಕೇಳಿಸಿತು. ಆದರೆ ನೋಡಲು ಬಂದವರಿಗೆಲ್ಲ ಅಣ್ಣನೂ ಇದನ್ನೇ ಹೇಳಿ ನಗಿಸುತ್ತಿದ್ದ. ನಾನು ಕೇಳಿಸಿಕೊಂಡದ್ದು ನರ್ಸನ್ನೋ, ಅಣ್ಣನನ್ನೋ?

ನಮ್ಮದು ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಹಳ್ಳಿ. ಈಗ ಹಳ್ಳಿ ಅಂದರೆ ಬಾಡಿಗೆಗೆ ಇರುವವರು ನಗುತ್ತಾರೆ. ಅಣ್ಣ ಮನೆಯ ಮೇಲೆ ಮನೆ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದಾನೆ, ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೊಸೂರು ರಸ್ತೆಯ ಮೇಲ್ಸೇತುವೆಯಿಂದ ಇಳಿಯುವ ರ‍್ಯಾಂಪ್ ಹತ್ತಿರವಾದಾಗಲೆಲ್ಲ ಅಣ್ಣನ ಒಂದು ಕೈ ಸ್ಟಿಯರಿಂಗ್ ಬಿಡುತ್ತದೆ. "ಅಗೋ, ಆ ಗಾಜಿನ ಬಿಲ್ಡಿಂಗ್ ಐತಲ್ಲ, ಅದರ ಬುಡದಾಗೆ ನಮ್ಮ ಬಾವಿ." ಅಪ್ಪ ಇದ್ದಾಗ ಅಪ್ಪ ತೋರಿಸುತ್ತಿದ್ದರು. ಹೊಲ ಹೋದಮೇಲೆ ಉಳಿದ ಮನೆತನದ ಪದ್ಧತಿ ಇದೊಂದೇ.

ಅವತ್ತೂ ತೋರಿಸಿದ.

"ಮುಂದೆ ನೋಡ್ಕೊಂಡು ಓಡ್ಸು," ಎಂದೆ.

"ನಮ್ಮ ಹೊಲದ ಮ್ಯಾಲೆ ನಂಗೇ ದಾರಿ ಯೋಳ್ಕೊಡ್ತೀಯೇನೇ, ಮೇಷ್ಟ್ರಮ್ಮ?"

ಆಮೇಲೆ, "ಥೂ, ಬಿಟ್ಬಿಟ್ನಲ್ಲ!" ಅಂದ. ರ‍್ಯಾಂಪ್ ಎಡಗಡೆ ಹಿಂದಕ್ಕೆ ಸರಿದು ಹೋಯಿತು. ಅದು ತಪ್ಪಿದರೆ ದೂರ ಹೋಗಿ ತಿರುಗಿಸಿಕೊಂಡು ಬರಬೇಕು. ನಮ್ಮೂರಿನವರು ಹಾಗೆ ಹೋಗುವುದು ಕಡಿಮೆ. ಅಂಚಿಗೆ ನಿಲ್ಲಿಸಿ, ಇಂಡಿಕೇಟರ್ ಮಿಣುಕಿಸುತ್ತ, ಮೆಲ್ಲಗೆ ಹಿಂದಕ್ಕೆ ಬಂದು ಇಳಿದುಬಿಡುತ್ತಾರೆ. ನಮ್ಮ ರಸ್ತೆಯಲ್ಲವೇ.

ಕೀಂ ಕೀಂ ಎಂದು ಕಾರು ಕೂಗಿತು. ಬೆನ್ನ ಹಿಂದೆ ಗೂಡ್ಸ್ ಟೆಂಪೋದ ಹಾರನ್. ಆಮೇಲೆ ಸಾರಿನ ವಾಸನೆ.

ಆ ಕಾರು ರಿವರ್ಸ್ ಹಾಕಿದರೂ ಕೂಗುತ್ತದೆ, ಬೆಲ್ಟ್ ಬಿಚ್ಚಿದರೂ ಕೂಗುತ್ತದೆ. ಡಬ್ಬಿ ವಾಲಿದಾಗ ನಾನೇ ಬೆಲ್ಟ್ ಬಿಚ್ಚಿದ್ದಿರಬಹುದು.

ಅಣ್ಣ ಆಸ್ಪತ್ರೆಯಲ್ಲಿ ಹೇಳಿದ ಕತೆಯಲ್ಲಿ ರ‍್ಯಾಂಪ್ ಇರಲಿಲ್ಲ. ಬಾವಿಯೂ ಇರಲಿಲ್ಲ. "ಮುಂದ್ಗಡೆ ಒಂದು ಬಿಳೀ ಕಾರು ಗಕ್ಕಂತ ನಿಂತ್ಕಂತು, ನಾನೂ ನಿಲ್ಲಿಸ್ದೆ. ಹಿಂದ್ಗಡೆಯೋನು ಬಂದು ಗುದ್ದಿದ." ನೆಂಟರಿಗೆ, ಪೊಲೀಸರಿಗೆ, ಇನ್ಶೂರೆನ್ಸ್ ಕಡೆಯಿಂದ ಬಂದವನಿಗೆ, ಒಂದು ಪದವೂ ಅಲುಗದಂತೆ ಹೇಳಿದ. ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡು ಚಾವಣಿ ನೋಡುತ್ತ ಮಲಗಿದ್ದವಳಿಗೆ ಬೇರೆ ಕೆಲಸವಿರಲಿಲ್ಲ, ಕೇಳಿಸಿಕೊಂಡೆ. ಈಗ ಕಣ್ಣು ಮುಚ್ಚಿದರೆ ಆ ಬಿಳಿ ಕಾರು ನನಗೂ ಕಾಣುತ್ತದೆ. ಅದರ ಹಿಂಗಾಜಿನ ಮೇಲೆ ಅಂಟಿಸಿದ ಹನುಮಂತನ ಚಿತ್ರವೂ ಕಾಣುತ್ತದೆ. ಅಣ್ಣ ಹನುಮಂತನ ಮಾತು ಎತ್ತಿದವನೇ ಅಲ್ಲ. ಅದನ್ನು ಅಂಟಿಸಿದವರು ಯಾರು?

ನನ್ನ ಗಾಯದ ಪರಿಹಾರದ ಕೇಸಿನಲ್ಲಿ ಸಾಕ್ಷಿ ಹೇಳಬೇಕಾದವಳು ನಾನೇ. "ಹಿಂದಿಂದ ಗುದ್ದಿದೋನದೇ ತಪ್ಪು ಅಂತ ಎಲ್ರೂ ನಂಬ್ತಾರೆ ಮೇಡಂ, ಆ ನಂಬಿಕೆ ಕೆಡಿಸ್ಬೇಡಿ ಸಾಕು," ಎಂದು ವಕೀಲರು ನಕ್ಕರು. "ನಿಂತಿತ್ತು ಅನ್ನಿ. ಕೇಳಿದ್ದಕ್ಕಷ್ಟೇ ಉತ್ತರ. ಪಾಠ ಮಾಡೋಕೆ ಹೋಗ್ಬೇಡಿ." ನಾನು ನಿಂತಿತ್ತು ಅಂದರೆ ಟೆಂಪೋ ಓಡಿಸುತ್ತಿದ್ದವನ ಮೇಲಿನ ಪೊಲೀಸ್ ಕೇಸು ಗಟ್ಟಿಯಾಗುತ್ತದೆ. ಹಿಂದಕ್ಕೆ ಬರುತ್ತಿತ್ತು ಅಂದರೆ ಅದು ಅಣ್ಣನ ಕಡೆಗೆ ತಿರುಗುತ್ತದೆ.

ಹಿಂದಿನ ವಾಯಿದೆಯ ದಿನ ಆ ಮನುಷ್ಯ ಕೋರ್ಟಿನ ಮೊಗಸಾಲೆಯಲ್ಲಿ ಸಿಕ್ಕ. ಯಾದಗಿರಿ ಕಡೆಯವನು, ಕೂದಲು ನೆರೆಯುತ್ತಿದೆ. ಕೇಸು ಶುರುವಾದ ಮೇಲೆ ಮಾಲೀಕ ಗಾಡಿ ಕೊಡುತ್ತಿಲ್ಲವಂತೆ, ಲೋಡಿಂಗ್ ಕೆಲಸಕ್ಕೆ ಹೋಗುತ್ತಾನಂತೆ. ನಾನು ಮುಖ ತಿರುಗಿಸಿಕೊಳ್ಳೋಣವೆಂದರೆ ಕುತ್ತಿಗೆ ತಿರುಗದು.

"ಅಕ್ಕಾರ, ಕುತ್ತಿಗಿ ಆರಾಮ ಆತೇನ್ರಿ?"

"ಪರವಾಗಿಲ್ಲ."

"ನಿಮ್ಮ ಗಾಡೀನೇ ನನ್ನ ಕಡಿ ಬಂದಂಗಾತ್ರಿ ಅವತ್ತ." ಹಣೆ ಒರೆಸಿಕೊಂಡ. "ನಾನೂ ದಿನಾ ಅದನ್ನ ನೆನಸ್ತೀನ್ರಿ. ನೆನಸಿ ನೆನಸಿ, ಖರೇನೋ ಭ್ರಮಿನೋ ತಿಳೀವಲ್ದು. ನೀವು ಮುಂದ ಕುಂತಿದ್ರಿ. ನಿಮಗ ಗೊತ್ತಿರ್ತದ."

ಅಷ್ಟರಲ್ಲಿ ಅಣ್ಣ ಬಂದು ನನ್ನ ಮೊಣಕೈ ಹಿಡಿದುಕೊಂಡ. "ಅವನತ್ರ ಏನೇ ಮಾತು? ನಡಿ." ಹಿಡಿತ ನೋಯುವಷ್ಟಿತ್ತು. ಅಣ್ಣ ನನ್ನ ಕೈ ಹಿಡಿದು ಸ್ಕೂಲಿಗೆ ಬಿಟ್ಟು ಬಂದವನು, ಅಪ್ಪನ ಮಾತು ಮೀರಿ ನನ್ನನ್ನು ಎಂ.ಎ. ಓದಿಸಿದವನು. ಹಾಗೆ ಹಿಡಿದದ್ದು ಅದೇ ಮೊದಲು.

ನಾಳೆ ನನ್ನ ಸಾಕ್ಷಿ. ಇವತ್ತು ಸಂಜೆ ವಕೀಲರ ಹತ್ತಿರ ಹೋಗಿ, ರಿಪೇರಿಯಾದ ಅದೇ ಕಾರಿನಲ್ಲಿ ವಾಪಸು ಬಂದೆವು. ಅಣ್ಣ ಮೇಲ್ಸೇತುವೆ ಹತ್ತಲಿಲ್ಲ, ಕೆಳಗಿನ ರಸ್ತೆಯ ಟ್ರಾಫಿಕ್ಕಿನಲ್ಲೇ ತೆವಳಿಸಿದ. ಗಾಜಿನ ಬಿಲ್ಡಿಂಗ್ ಪಕ್ಕದಲ್ಲೇ ಹಾದೆವು. ಅವನ ಎರಡೂ ಕೈ ಸ್ಟಿಯರಿಂಗ್ ಮೇಲೆಯೇ ಇದ್ದವು. ಬಾವಿಯ ಮಾತು ಬರಲಿಲ್ಲ.

ಮನೆಯ ಮುಂದೆ ಕಾರನ್ನು ಗೋಡೆಯ ಕಡೆಗೆ ಹಿಂದಕ್ಕೆ ತಂದ. ಕೀಂ ಕೀಂ. ನಾನು ಬೆಲ್ಟ್ ಮುಟ್ಟಿ ನೋಡಿಕೊಂಡೆ. ಕಟ್ಟಿಯೇ ಇತ್ತು.

ಅವನು ಎಂಜಿನ್ ಆರಿಸಿದ. ಇಳಿಯಲಿಲ್ಲ. ಕನ್ನಡಿಯಲ್ಲಿ ಹಿಂದಿನ ಗೋಡೆಯನ್ನೇ ನೋಡುತ್ತ ಕುಳಿತ.

"ಅಣ್ಣಾ," ಎಂದೆ, "ಅವತ್ತು ಗಾಡಿ ನಿಂತಿತ್ತಾ?"