ಎರಡು ಬೆರಳು ಹೆಚ್ಚಿಗೆ

ಮೊಮ್ಮಕ್ಕಳಿಗೆ ಆಟದ ಸಾಮಾನು ಕೊಳ್ಳಲು ಬರುವ ಅಜ್ಜ ಅಜ್ಜಿಯರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇಪ್ಪತ್ತಾರು ವರ್ಷದಿಂದ ಆಟಿಕೆ ಅಂಗಡಿ ಇಟ್ಟುಕೊಂಡವನು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ. ಮಗುವಿಗೆ ಎಷ್ಟು ವಯಸ್ಸು ಎಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಇಷ್ಟುದ್ದ ಇದಾನೆ ಎಂದು ಕೈಯನ್ನು ಸೊಂಟದ ಹತ್ತಿರ ಹಿಡಿದು ತೋರಿಸುತ್ತಾರೆ. ಕೆಲವರು ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುವ ಸಾಮಾನನ್ನೇ ಹುಡುಕಿ ಮಗ ಸೊಸೆಯ ಮನೆಗೆ ಕಳಿಸಿ, ತಾವು ತಮ್ಮ ಮನೆಯಲ್ಲಿ ನೆಮ್ಮದಿಯಾಗಿ ಮಲಗುತ್ತಾರೆ. ಇನ್ನು ಕೆಲವರಿಗೆ ನ್ಯಾಯದ ಹುಚ್ಚು. ಎಂಟು ತಿಂಗಳ ಕೂಸಿಗೂ ಒಂದು ಚೆಂಡು, ಮೀಸೆ ಚಿಗುರುತ್ತಿರುವವನಿಗೂ ಅದೇ ಚೆಂಡು ಕೊಂಡು, ಭೇದ ಮಾಡಲಿಲ್ಲ ನೋಡಿ ಎಂದು ನನ್ನ ಮುಂದೆ ಬೀಗುತ್ತಾರೆ.

ಈ ಗುಂಪಿಗೆ ಸೇರದವರು ಒಬ್ಬರೇ, ದರ್ಜಿಯಮ್ಮ. ನಮ್ಮ ಬೀದಿಯ ತುದಿಯಲ್ಲಿ, ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ ನಲವತ್ತು ವರ್ಷಕ್ಕೂ ಮೇಲೆ ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿದವರು. ಈಗ ಎಪ್ಪತ್ತನಾಲ್ಕು. ಮಷಿನ್ನಿನ ಮುಂದೆ ಮಗ ಕೂರುತ್ತಾನೆ, ಕತ್ತರಿ ಮಾತ್ರ ಇನ್ನೂ ಅವರ ಕೈಯಲ್ಲೇ ಇದೆ. ಕತ್ತರಿ ಹಿಡಿದು ಹಿಡಿದು ಅವರ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿಹೋಗಿದೆ.

ನಾನೂ ಅವರು ಹೊಲಿದ ನಿಕ್ಕರ್ ಹಾಕಿಕೊಂಡೇ ಓದಿದವನು. ಬೇರೆ ದರ್ಜಿಗಳು ಕಾಲರಿನ ಹಿಂದೆ, ಸೊಂಟದ ಪಟ್ಟಿಯ ಒಳಗೆ ಸೈಜಿನ ನಂಬರು ಹೊಲಿಯುತ್ತಿದ್ದರು. ದರ್ಜಿಯಮ್ಮ ಹೊಲಿಯುತ್ತಿರಲಿಲ್ಲ. ನಂಬರು ಹುಡುಗರ ಬಾಯಿಗೆ ಬಿದ್ದರೆ ದಪ್ಪಗಿರುವವನ ಕಥೆ ಮುಗಿಯಿತು ಎಂಬುದು ಅವರ ವಾದ. ನಾನು ಆ ಕಾಲದಲ್ಲಿ ದಪ್ಪಗಿರುವವರ ಸಂಘಕ್ಕೆ ಅಧ್ಯಕ್ಷನಾಗಬಹುದಾಗಿತ್ತು. ಒಂದು ದಿನ ಶಾಲೆಯಲ್ಲಿ ಬಗ್ಗಿದಾಗ ನಿಕ್ಕರ್ ಪರ್‍ರನೆ ಹರಿಯಿತು. ನಮ್ಮಮ್ಮ ನನ್ನ ಕಿವಿ ಹಿಡಿದು ದರ್ಜಿಯಮ್ಮನ ಕೋಣೆಗೆ ಎಳೆದೊಯ್ದು, ತಿನ್ನುವುದಕ್ಕೆ ಲಂಗುಲಗಾಮಿಲ್ಲ ಎಂದು ಅಲ್ಲಿದ್ದ ಗಿರಾಕಿಗಳ ಮುಂದೆಯೇ ಶುರುಮಾಡಿದಳು. ದರ್ಜಿಯಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು ನಿಧಾನವಾಗಿ ಹೇಳಿದರು.

"ಹುಡುಗನ್ನ ಯಾಕೆ ಬೈತೀರಿ? ಬಟ್ಟೆ ಸರಿಹೋಗ್ಲಿಲ್ಲ ಅಂದ್ರೆ ತಪ್ಪು ಅಳತೆ ತಗೊಂಡವಳ್ದು, ಮೈಯದ್ದಲ್ಲ."

ಆ ದಿನದಿಂದ ಆ ಹೆಂಗಸಿನ ಮೇಲೆ ನನಗಿರುವುದು ಬರೀ ಗೌರವವಲ್ಲ, ಪ್ರೀತಿ.

ಅವರ ಕೆಲಸದ ಇನ್ನೊಂದು ನಿಯಮ ಇಡೀ ಬೀದಿಗೆ ಗೊತ್ತು. ಬೆಳೆಯುವ ಮಗುವಿನ ಬಟ್ಟೆಗೆ ಎರಡು ಬೆರಳು ಹೆಚ್ಚಿಗೆ ಬಿಡಬೇಕು. ಆ ಹೆಚ್ಚಿನದನ್ನು ಅಂಚಿನಲ್ಲಿ ಒಳಕ್ಕೆ ಮಡಿಸಿ ಹೊಲಿಯುತ್ತಾರೆ, ವರ್ಷದ ನಡುವೆ ಮಗು ಉದ್ದವಾದಾಗ ಬಿಚ್ಚಿಕೊಡುತ್ತಾರೆ. ಆಟಿಕೆಗೂ ಅವರದು ಅದೇ ಲೆಕ್ಕ. ಆರು ವರ್ಷದವನಿಗೆ ಎಂಟು ವರ್ಷದವರದ್ದು ಕೊಡಪ್ಪ, ಎರಡು ಬೆರಳು ಹೆಚ್ಚಿಗೆ ಇರಲಿ ಎನ್ನುತ್ತಾರೆ. ನನ್ನ ಅಂಗಡಿಯ ಹುಡುಗಿಯರು ಅವರಿಗೆ ಎರಡು ಬೆರಳಜ್ಜಿ ಎಂದೇ ಹೆಸರಿಟ್ಟಿದ್ದಾರೆ.

ವರ್ಷಕ್ಕೊಮ್ಮೆ, ಶಾಲೆಗೆ ದೊಡ್ಡ ರಜೆ ಬಿಟ್ಟ ಮೊದಲ ವಾರ, ಯೂನಿಫಾರ್ಮಿನ ಕೆಲಸ ತಲೆ ಮೇಲೆ ಬೀಳುವ ಮುಂಚೆ ಅವರು ಬರುತ್ತಾರೆ. ಮೊಮ್ಮಕ್ಕಳು ನಾಲ್ವರು. ಮಗಳ ಮಗನಿಗೆ ಹದಿನಾಲ್ಕು, ಅವನ ತಂಗಿಗೆ ಈಗಷ್ಟೇ ಒಂದು ವರ್ಷ. ಮಗನ ಮಗಳಿಗೆ ಹನ್ನೊಂದು, ಅವಳ ತಮ್ಮನಿಗೆ ಆರು. ದರ್ಜಿಯಮ್ಮನ ಚೀಲದಲ್ಲಿ ಒಂದು ಬಿಳಿ ಬಟ್ಟೆಯ ಪಟ್ಟಿ ಇರುತ್ತದೆ. ಅದರ ಮೇಲೆ ನಾಲ್ಕು ಬಣ್ಣದ ದಾರದಲ್ಲಿ ನಾಲ್ಕು ಮಕ್ಕಳ ಗೇಣನ್ನು ಗುರುತು ಹಾಕಿಕೊಂಡಿರುತ್ತಾರೆ. ಬ್ಯಾಟಿನ ಹಿಡಿ, ಬಣ್ಣದ ಪೆನ್ಸಿಲಿನ ದಪ್ಪ, ಎಲ್ಲವನ್ನೂ ಆ ಪಟ್ಟಿ ಹಿಡಿದೇ ನೋಡುವುದು. ಗೊಂಬೆ ಕೊಟ್ಟರೆ ಮುಖ ನೋಡುವುದಿಲ್ಲ, ಮಗುಚಿ ಹೊಲಿಗೆ ನೋಡುತ್ತಾರೆ. ಒಂದು ವರ್ಷ ನನ್ನ ಇಡೀ ಕರಡಿಗೊಂಬೆಗಳ ಸಾಲಿಗೆ ಮೂಗು ಮುರಿದು, ಅಲ್ಲೇ ಸ್ಟೂಲಿನ ಮೇಲೆ ಕೂತು ಹನ್ನೊಂದು ಕರಡಿಗಳ ಕಂಕುಳನ್ನು ಮತ್ತೆ ಹೊಲಿದು ಹೋದರು. ಕೂಸಿನ ಬಾಯಿಗೆ ಹತ್ತಿ ಹೋದರೆ ನೀನು ಬಂದು ತೆಗೀತೀಯಾ ಎಂದು ನನ್ನನ್ನೇ ಕೇಳಿದರು.

ಆರು ವರ್ಷದವನಿಗೆ ದೊಡ್ಡವರ ಸ್ಕಿಪ್ಪಿಂಗ್ ಹಗ್ಗ ಕೊಂಡು, ಹಿಡಿಯ ಹತ್ತಿರ ಮಡಿಸಿ ದಾರ ಸುತ್ತಿದರು. ಅವನು ಬೆಳೆದ ಹಾಗೆ ಒಂದೊಂದು ಸುತ್ತು ಬಿಚ್ಚುತ್ತಾರಂತೆ. ಹದಿನಾಲ್ಕರವನಿಗೆ ಏನು ಕೊಡುವುದೆಂದು ನಾನೇ ತಲೆ ಕೆರೆದುಕೊಳ್ಳುತ್ತಿದ್ದಾಗ ಅವರು ನನ್ನ ಅಂಗಡಿಯಿಂದ ಎದ್ದು ಎದುರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಿಜವಾದ ಸ್ಕ್ರೂಡ್ರೈವರಿನ ಸೆಟ್ಟು ತಂದರು. ಆ ವಯಸ್ಸಿನವರಿಗೆ ಆಟದ ಸಾಮಾನು ಕೊಟ್ಟರೆ ಅವಮಾನ, ಕೊಡದಿದ್ದರೆ ದುಃಖ ಎಂದರು. ಹುಡುಗ ಆ ವಾರವೇ ಮನೆಯ ಫ್ಯಾನು ಬಿಚ್ಚಿ, ಮತ್ತೆ ಜೋಡಿಸಿ, ಎರಡು ಸ್ಕ್ರೂ ಉಳಿಸಿಕೊಂಡನಂತೆ. ಫ್ಯಾನು ಈಗಲೂ ತಿರುಗುತ್ತಿದೆ.

ಹೋದ ವರ್ಷ ಮಾತ್ರ ಅವರು ಬಂದ ರೀತಿಯೇ ಬೇರೆ ಇತ್ತು. ನಾನಿನ್ನೂ ಬಾಗಿಲು ಪೂರ್ತಿ ಎತ್ತಿರಲಿಲ್ಲ, ಅರ್ಧ ತೆರೆದ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದರು. ಕೈಯಲ್ಲಿ ದೊಡ್ಡ ಬಟ್ಟೆಯ ಗಂಟು. ಬಿಚ್ಚಿ ಮೇಜಿನ ಮೇಲಿಟ್ಟರೆ ನಾಲ್ಕು ಡಬ್ಬಿ, ನಾಲ್ಕೂ ನನ್ನ ಅಂಗಡಿಯವೇ. ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಕ್ರೇನ್ ಮಾಡುವುದು, ಐನೂರು ತುಂಡಿನ ಚಿತ್ರ ಜೋಡಿಸುವುದು, ಪದ ಕಟ್ಟುವ ಆಟ, ಪುಟ್ಟ ಬಲ್ಬು ಉರಿಸುವ ವಿದ್ಯುತ್ತಿನ ಆಟ. ನಾಲ್ಕು ವರ್ಷ ಅವರು ಮಗನ ಮಗಳಿಗೆಂದು ಕೊಂಡ ಉಡುಗೊರೆಗಳು. ಮೊದಲನೆಯದನ್ನು ತೆರೆದು ಮತ್ತೆ ಟೇಪು ಹಚ್ಚಿ ಮುಚ್ಚಿದ್ದರು. ಉಳಿದ ಮೂರರ ಪ್ಲಾಸ್ಟಿಕ್ಕೇ ಒಡೆದಿರಲಿಲ್ಲ.

ವಾಪಸು ಕೊಡಲು ತಂದಿದ್ದಾರೆ ಎಂದುಕೊಂಡು ನನ್ನ ವ್ಯಾಪಾರಿ ಬುದ್ಧಿ ಚುರುಕಾಯಿತು. ಅದಲ್ಲ. ಹಿಂದಿನ ದಿನ ಮೊಮ್ಮಗಳ ಹಳೆಯ ಲಂಗದ ಅಂಚು ಬಿಚ್ಚಿಕೊಡೋಣವೆಂದು ಮಗನ ಮನೆಯ ಬೀರು ತೆಗೆದಿದ್ದರಂತೆ. ಬಟ್ಟೆಗಳ ಹಿಂದೆ, ಗೋಡೆಗೆ ಒತ್ತಿ, ಚೊಕ್ಕವಾಗಿ ಜೋಡಿಸಿದ ಈ ಡಬ್ಬಿಗಳು ಸಿಕ್ಕವು. ಹುಡುಗಿ ಶಾಲೆಯ ಗೆಳತಿಯ ಮನೆಗೆ ಹೋಗಿದ್ದಳು. ಇವರು ಯಾರ ಹತ್ತಿರವೂ ತುಟಿ ಪಿಟಕ್ಕೆನ್ನದೆ ಗಂಟು ಕಟ್ಟಿಕೊಂಡು ಬಂದಿದ್ದರು.

"ಪ್ರತಿ ವರ್ಷ ಕುತ್ತಿಗೆಗೆ ಜೋತುಬಿದ್ದು ತುಂಬಾ ಚೆನ್ನಾಗಿದೆ ಅಜ್ಜಿ ಅಂತಿದ್ಲು ಕಣಪ್ಪ," ಎಂದರು. "ನಾನು ಕೊಟ್ಟಿದ್ದು ಅವಳಿಗೆ ಬೇಡವೋ, ನಾನೇ ಬೇಡವೋ, ಅದು ಗೊತ್ತಾಗ್ಬೇಕು ನನಗೆ."

ಎಪ್ಪತ್ತು ದಾಟಿದ ಗಟ್ಟಿಗಿತ್ತಿ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ಡಬ್ಬಿಗಳನ್ನು ತಿರುಗಿಸಿ ನೋಡಿದೆ. ಪ್ರತಿಯೊಂದರ ಮೂಲೆಯಲ್ಲೂ ಕೆಂಪು ವೃತ್ತದೊಳಗೆ ಅಂಗೈಯಗಲದ ಅಂಕಿ, ಇಷ್ಟು ವರ್ಷದವರಿಗೆ ಎಂದು. ಎಂಟು. ಒಂಬತ್ತು. ಹತ್ತು. ಹನ್ನೊಂದು. ಹುಡುಗಿಗೆ ಆಗ ಆರು, ಏಳು, ಎಂಟು, ಒಂಬತ್ತು. ನಾನೇ ಕಪಾಟಿನಿಂದ ಇಳಿಸಿ, ಬಣ್ಣದ ಕಾಗದ ಸುತ್ತಿ ಕೊಟ್ಟಿದ್ದೆ. ಉಳಿದವರಿಗೆ ಸರಿಹೋದ ಎರಡು ಬೆರಳು ಇವಳಿಗೆ ಸರಿಹೋಗಿರಲಿಲ್ಲವೇನೋ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

"ಅಮ್ಮಾ, ನನ್ನ ನಿಕ್ಕರಿಗೆ ನೀವು ನಂಬರ್ ಹೊಲಿದಿರ್ಲಿಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ಕೆಂಪು ವೃತ್ತ ನೋಡಿದರು. ಬಾಗಿದ ಹೆಬ್ಬೆರಳಿನಿಂದ ಆ ಅಂಕಿಯನ್ನು ಉಜ್ಜಿದರು. ಡಬ್ಬಿಗಳನ್ನು ಮತ್ತೆ ಗಂಟು ಕಟ್ಟಿ, ಇದು ಇಲ್ಲೇ ಇರಲಿ ಎಂದು ಹೇಳಿ ಎದ್ದು ಹೋದರು.

ಮರುದಿನ ಮೂರು ಗಂಟೆಗೆ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಮೊಮ್ಮಗಳನ್ನು ಕರೆದುಕೊಂಡು ಬಂದರು. ಎರಡು ಜಡೆ, ತೆಳ್ಳಗಿನ ಹುಡುಗಿ. ಮೇಜಿನ ಮೇಲೆ ನಾನು ಗಂಟು ಬಿಚ್ಚಿಟ್ಟಿದ್ದ ನಾಲ್ಕು ಡಬ್ಬಿ ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು. ನಾನು ಒಳಗೆ ಹೋಗಬೇಕಿತ್ತು, ಹೋಗಲಿಲ್ಲ. ಬೊಂಬೆಗಳ ಧೂಳು ಒರೆಸುವ ನೆಪದಲ್ಲಿ ಅಲ್ಲೇ ನಿಂತೆ. ದರ್ಜಿಯಮ್ಮ ಬೈಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದಷ್ಟೇ ಕೇಳಿದರು. ಹುಡುಗಿ ಜಡೆಯ ತುದಿ ತಿರುಚುತ್ತ ನಿಂತಳು. ಅಜ್ಜಿ ಕಾದರು. ಮಕ್ಕಳ ಅಳತೆ ತೆಗೆಯುವಾಗ ಅವರಿಗೆ ಕಾದು ಅಭ್ಯಾಸ.

"ಮೊದಲನೇದು ತೆಗೆದಿದ್ದೆ," ಎಂದಳು ಕೊನೆಗೆ. "ಬರ್ಲಿಲ್ಲ. ಅತ್ತೆ ಮನೆ ಅಣ್ಣ ಅಂಥದ್ದೇ ಒಂದೇ ಸಂಜೆಗೆ ಮಾಡಿದ್ನಂತೆ."

"ಆಮೇಲಿಂದು?"

"ನೀನು ನನ್ನ ತುಂಬಾ ಜಾಣೆ ಅಂದ್ಕೊಂಡಿದೀಯ. ಡಬ್ಬಿ ತೆಗೆದ್ರೆ ಅಲ್ಲ ಅಂತ ನಿಂಗೆ ಗೊತ್ತಾಗ್ಬಿಡುತ್ತೆ."

ನನ್ನ ಕೈಯಲ್ಲಿದ್ದ ಧೂಳಿನ ಬಟ್ಟೆ ಅಲ್ಲೇ ನಿಂತಿತು. ನಾಲ್ಕು ವರ್ಷ ಆ ಮಗು ಬೀರುವಿನ ಬಟ್ಟೆಗಳ ಹಿಂದೆ ಅಡಗಿಸಿಟ್ಟಿದ್ದು ಆಟಿಕೆಯನ್ನಲ್ಲ, ತನ್ನನ್ನು. ದರ್ಜಿಯಮ್ಮನ ಕಣ್ಣು ತುಂಬಿಬಂತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಮೊಮ್ಮಗಳ ಎರಡೂ ಭುಜ ಹಿಡಿದು ಮುಂದಕ್ಕೆ ನಿಲ್ಲಿಸಿಕೊಂಡರು.

"ನಾನು ಅಳತೆ ತಪ್ಪು ತಗೊಂಡೆ ಮಗಳೇ," ಎಂದರು. "ನೀನು ಸರಿಯಾಗೇ ಇದೀಯ. ಅಣ್ಣನ ಬಟ್ಟೆ ನಿಂಗೆ ಹೊಲಿದುಬಿಟ್ಟೆ ನಾನು. ಊರವರ ಮಕ್ಕಳಿಗೆ ಯಾವತ್ತೂ ಹಾಗೆ ಮಾಡಿರ್ಲಿಲ್ಲ."

ಹುಡುಗಿ ಮೂಗು ಒರೆಸಿಕೊಂಡಳು. ಆಮೇಲೆ, ಹೊಸ ಯೂನಿಫಾರ್ಮಿಗೆ ಅಳತೆ ಕೊಡುವಾಗ ನಿಲ್ಲುವ ಹಾಗೆ, ಅಂಗಡಿಯ ನಡುವೆ ನೆಟ್ಟಗೆ ನಿಂತು ಎರಡೂ ಕೈ ಅಗಲಿಸಿದಳು.

"ಹಾಗಾದ್ರೆ ಮತ್ತೆ ತಗೋ," ಎಂದಳು.

ದರ್ಜಿಯಮ್ಮ ನಕ್ಕರು. ಪಟ್ಟಿಯನ್ನು ಚೀಲದಿಂದ ತೆಗೆಯಲಿಲ್ಲ. ಹೋಗಿ ಮುಟ್ಟಿ ಬಾ, ಯಾವುದು ಬಿಡಕ್ಕೆ ಮನಸ್ಸಾಗಲ್ಲವೋ ಅದೇ ನಿನ್ನಳತೆ ಎಂದರು. ಹುಡುಗಿ ಸಾಲು ಸಾಲು ಸುತ್ತಿದಳು. ಕೆಳಗಿನ ಕಪಾಟಿನಲ್ಲಿ ಬರೀ ಮರದ ಇಟ್ಟಿಗೆಗಳ ಒಂದು ದೊಡ್ಡ ಡಬ್ಬಿ ಇತ್ತು. ಅದರ ಮುಂದೆ ನೋಡದವಳಂತೆ ಎರಡು ಸಲ ಹಾದುಹೋದಳು. ಮೂರನೆಯ ಸಲ ಬೆರಳು ತಾಗಿಸಿದಳು. ಕಪಾಟಿಗೆ ನಾನೇ ಬರೆಸಿ ಹಾಕಿದ ಬೋರ್ಡು ಇತ್ತು, ಮೂರರಿಂದ ಆರು ವರ್ಷ ಎಂದು. ಆ ಬೋರ್ಡು ನೋಡಿ ಕೈ ಹಿಂದಕ್ಕೆ ತೆಗೆದಳು. ತಮ್ಮನ ಹತ್ತಿರ ಇಂಥದ್ದೇ ಸ್ವಲ್ಪ ಇವೆ, ಅವನು ಮಲಗಿದಾಗ ಆಡುತ್ತೇನೆ ಎಂದು ಮೆಲ್ಲಗೆ ಒಪ್ಪಿಕೊಂಡಳು.

ದರ್ಜಿಯಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಚೀಲದಿಂದ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ ತೆಗೆದರು. ವಯಸ್ಸಿನ ಚೀಟಿಯ ಅಂಚಿಗೆ ಅದರ ತುದಿ ಸಿಕ್ಕಿಸಿ, ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದರು. ಕಾಗದದ ಒಂದು ಎಳೆಯೂ ಉಳಿಯಲಿಲ್ಲ. ಆ ಚೀಟಿಯನ್ನು ಮುದ್ದೆ ಮಾಡಿ ನನ್ನ ಕೈಗೇ ಕೊಟ್ಟರು. ನಾನು ತೆಗೆದುಕೊಂಡೆ.

ಅವತ್ತೇ ಕಪಾಟಿನ ಬೋರ್ಡುಗಳನ್ನೆಲ್ಲ ಕಿತ್ತುಹಾಕಿದೆ ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಕೀಳಲಿಲ್ಲ. ಸೊಂಟದ ಹತ್ತಿರ ಕೈ ಹಿಡಿದು ತೋರಿಸುವ ಅಜ್ಜಂದಿರು ಇರುವ ತನಕ ನನಗೆ ಬೋರ್ಡು ಬೇಕು. ಕೆಳಗಿನ ಸಾಲಿನದೊಂದನ್ನು ಮಾತ್ರ ತೆಗೆದೆ. ಆ ನಾಲ್ಕು ಡಬ್ಬಿಗಳನ್ನು ದರ್ಜಿಯಮ್ಮ ತಮ್ಮ ಕೋಣೆಯ ಅಟ್ಟದ ಮೇಲಿಟ್ಟರು, ಬೇಕಾದವರು ಬೇಕಾದಾಗ ಇಳಿಸಿಕೊಳ್ಳಲಿ ಎಂದು.

ಈ ವರ್ಷ ರಜೆಯ ಮೊದಲ ವಾರ ಅಜ್ಜಿಗಿಂತ ಮುಂಚೆ ಮೊಮ್ಮಗಳೇ ಅಂಗಡಿಯೊಳಗೆ ಬಂದಳು. ಎರಡು ಕೈಯಲ್ಲಿ ಎದೆಗೆ ಒತ್ತಿಕೊಂಡು ಆ ಮರದ ಇಟ್ಟಿಗೆಯ ಡಬ್ಬಿ ತಂದಿದ್ದಳು. ಮನೆಯ ಕೋಣೆಯಿಂದ ಅಡುಗೆಮನೆಯ ತನಕ ಸೇತುವೆ ಕಟ್ಟುತ್ತಿದ್ದಾಳಂತೆ, ಹೊಸ್ತಿಲ ಹತ್ತಿರ ಇಟ್ಟಿಗೆ ಮುಗಿದುಹೋಯಿತಂತೆ, ಇಂಥದ್ದೇ ಇನ್ನೊಂದು ಬೇಕಂತೆ. ನಾನು ಕಪಾಟಿನ ಕಡೆ ಬಗ್ಗುವ ಮುಂಚೆ ಅವಳ ಕೈಯ ಡಬ್ಬಿ ನೋಡಿದೆ. ತೆಗೆದು ಮುಚ್ಚಿ, ತೆಗೆದು ಮುಚ್ಚಿ ಅದರ ನಾಲ್ಕು ಮೂಲೆಯೂ ಹರಿದುಹೋಗಿತ್ತು. ನಾಲ್ಕಕ್ಕೂ ಯಾರೋ ನೀಲಿ ಯೂನಿಫಾರ್ಮಿನ ದಾರದಲ್ಲಿ ಹೊಲಿಗೆ ಹಾಕಿದ್ದರು.