ಮನೆದೇವರ ಪಾಸ್‌ವರ್ಡ್

ಗುಬ್ಬಿಯಲ್ಲಿ ಸಂಗಮೇಶ ಕಾಲಿಡದ ಮನೆ ಕಡಿಮೆ. ಕೇಬಲ್ ಟಿವಿಯ ಕಾಲದಿಂದ ಕಂಬ ಹತ್ತಿದವನು, ಈಗ ಮನೆಮನೆಗೆ ವೈಫೈ ಹಾಕುತ್ತಾನೆ. ಹೆಂಗಸರೇ ಇರುವ ಮನೆಗೂ "ಅಮ್ಮಾ, ಕೇಬಲ್" ಎಂದು ಒಂದು ಕೂಗು ಹಾಕಿ ನೇರ ನಡುಮನೆಗೆ ಹೋಗಬಲ್ಲ. ಯಾರೂ ಬೇಡವೆಂದಿಲ್ಲ. ಆ ನಂಬಿಕೆಯ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತೆನ್ನಿ.

ಹೊಸ ಕನೆಕ್ಷನ್ ಕೊಟ್ಟಾಗೆಲ್ಲ ಕೇಳುವುದು ಒಂದೇ ಮಾತು. "ನಿಮ್ಮನೆ ದೇವ್ರು ಯಾವ್ದು?" ಆ ಹೆಸರನ್ನೇ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಒತ್ತಿ ಪಾಸ್‌ವರ್ಡ್ ಮಾಡಿಬಿಡುತ್ತಿದ್ದ. "ಗಂಡನ ಫೋನ್ ನಂಬರ್ ಮರ್ತೋಯ್ತದೆ, ಮನೆದೇವ್ರು ಮರೆಯಲ್ಲ" ಎಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದ. ಅದೇನು ಬುದ್ಧಿಯೋ! ಆರುನೂರು ಮನೆಗೆ ಹೀಗೇ ಮಾಡಿದ್ದ.

ಸೋಮವಾರ ಹನ್ನೊಂದು ಗಂಟೆಗೆ ಗಂಗಾಂಬಿಕೆಯವರ ಫೋನ್ ಬಂತು. "ಸಂಗಮೇಶಪ್ಪಾ, ಮನೆಗೆ ಪೊಲೀಸ್ನೋರು ಬಂದವ್ರೆ. ಇಂಟರ್‌ನೆಟ್ಟು ಅಂತಾರೆ. ಬೇಗ ಬಾರಪ್ಪ."

ಗಂಗಾಂಬಿಕೆಯವರ ಯಜಮಾನರು ಸದಾಶಿವಯ್ಯ ಮೇಷ್ಟ್ರು, ಸಂಗಮೇಶನಿಗೆ ಅಕ್ಷರ ಕಲಿಸಿದವರು. ಅವನು ಓಡಿಬಂದಾಗ ಅವರು ಹಣೆಯ ವಿಭೂತಿ ಬೆವರಲ್ಲಿ ಕರಗುತ್ತಿದ್ದರೂ ಒರೆಸಿಕೊಳ್ಳದೆ ನಿಂತಿದ್ದರು. ಕುಣಿಗಲ್ಲಿನ ಶಶಿಕಲಾ ಎಂಬ ಟೀಚರಮ್ಮನಿಗೆ ಯಾರೋ ಕಳ್ಳ ಹೆಸರಿನಲ್ಲಿ ತಿಂಗಳಿಂದ ಹೊಲಸು ಮೆಸೇಜು ಕಳಿಸುತ್ತಿದ್ದರಂತೆ. ಹುಡುಕಿದರೆ ದಾರಿ ಈ ಮನೆಯ ವೈಫೈಗೆ ಬಂದು ನಿಂತಿದೆ.

"ಕನೆಕ್ಷನ್ ನಿಮ್ಮ ಹೆಸರಲ್ಲಿದೆ ಮೇಷ್ಟ್ರೇ. ಜವಾಬ್ದಾರಿ ನಿಮ್ದೇ ಆಗುತ್ತೆ. ಸ್ಟೇಷನ್‌ಗೆ ಬರ್ಬೇಕು" ಎಂದರು ಸಬ್ ಇನ್‌ಸ್ಪೆಕ್ಟರು.

ಸಂಗಮೇಶ ತನ್ನ ಫೋನ್ ತೆಗೆದು, ಈ ಮನೆಯ ವೈಫೈಗೆ ಯಾವ ಯಾವ ಫೋನ್ ಸೇರಿವೆ ಎಂಬ ಪಟ್ಟಿ ತೆರೆದು ನೋಡಿದ. ಮನೆಯಲ್ಲಿರುವುದು ಎರಡು ಫೋನ್. ಅಲ್ಲಿ ಸೇರಿಕೊಂಡಿದ್ದದ್ದು ಎಂಟು!

"ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ರಿ?"

"ಯಾರಿಗೂ ಇಲ್ಲ" ಎಂದರು ಮೇಷ್ಟ್ರು. ಸುಳ್ಳಾಡುವ ಬಾಯಲ್ಲ ಅದು.

ಆಗ ಸಂಗಮೇಶನ ಕಣ್ಣು ಟೀಪಾಯಿಯ ಮೇಲೆ ಬಿತ್ತು. ಮೊಮ್ಮಗಳು ಕಾವ್ಯಳ ಮದುವೆಗೆ ಹಂಚಿ ಉಳಿದ ಲಗ್ನಪತ್ರಿಕೆಗಳು. ನೆತ್ತಿಯ ಮೇಲೇ ದಪ್ಪಕ್ಷರದಲ್ಲಿ ಮನೆದೇವರ ಹೆಸರು: ಶ್ರೀ ಸಿದ್ಧಲಿಂಗೇಶ್ವರ ಪ್ರಸನ್ನ. ಪಾಸ್‌ವರ್ಡೂ ಅದೇ. ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೇನೂ ಆಗುತ್ತಿರಲಿಲ್ಲ, ಕನೆಕ್ಷನ್ನಿಗೆ ಸಹಿ ಹಾಕಿದವರು ಮೇಷ್ಟ್ರು.

"ಸಾರ್, ಪಾಸ್‌ವರ್ಡ್ ಇಟ್ಟೋನು ನಾನು. ಇದೇ ಹೆಸ್ರು. ನಾನು ಹಿಂಗೇ ಇಡೋದು ಅಂತ ಊರಿಗೆಲ್ಲಾ ಗೊತ್ತು. ನಾನೇ ಹೇಳ್ಕಂಡು ತಿರುಗಿದೀನಿ."

ಮೇಷ್ಟ್ರು ಪತ್ರಿಕೆ ಕೈಗೆತ್ತಿಕೊಂಡು ನೋಡಿದರು. "ಎಂಟುನೂರು ಕಣಯ್ಯ. ಒಂದೊಂದು ಮನೆಗೂ ನಾನೇ ಹೋಗಿ, ಅಕ್ಷತೆ ಇಟ್ಟು ಕೊಟ್ಟು ಬಂದೆ."

"ಸಿಗ್ನಲ್ ಎಷ್ಟು ದೂರ ಹೋಗುತ್ತೆ?" ಇನ್‌ಸ್ಪೆಕ್ಟರು ಕೇಳಿದರು.

"ಅಬ್ಬಬ್ಬಾ ಅಂದ್ರೆ ನಾಕು ಮನೆ ಸಾರ್."

ಗಂಗಾಂಬಿಕೆ ಬೀದಿಯ ಕಡೆ ತಿರುಗಿದರು. ಆ ನಾಲ್ಕೂ ಮನೆಯವರಿಗೆ ಮದುವೆಯಲ್ಲಿ ಅವರೇ ನಿಂತು ಹೋಳಿಗೆ ಬಡಿಸಿದ್ದರು. ಅವರಲ್ಲೇ ಒಬ್ಬ! ಅವರು ಅಲ್ಲೇ ಹೊಸ್ತಿಲ ಬಳಿ ಕೂತರು.

ಇನ್‌ಸ್ಪೆಕ್ಟರು ಆ ಎಂಟರ ಪಟ್ಟಿಯ ಫೋಟೊ ತೆಗೆದುಕೊಂಡರು. ಮೇಷ್ಟ್ರು ಸದ್ಯ ಬರುವುದು ಬೇಡ, ಸಂಗಮೇಶ ನಾಳೆ ಬಂದು ಹೇಳಿಕೆ ಕೊಡಲಿ, ಪಾಸ್‌ವರ್ಡ್ ಈಗಲೇ ಬದಲಾಗಲಿ ಎಂದು ಹೇಳಿ ಜೀಪು ಹತ್ತಿದರು.

ಸಂಗಮೇಶನಿಗೆ ಹೋದ ಜೀವ ಬಂದಂತಾಯಿತು. "ಫೋನ್ ಕೊಡಿ ಅಮ್ಮಾ, ಗಟ್ಟಿಯಾದ್ದೊಂದು ಇಟ್ಕೊಡ್ತೀನಿ" ಎಂದು ಕೈ ಚಾಚಿದ.

ಗಂಗಾಂಬಿಕೆ ಎದ್ದು ಬಂದರು. ಫೋನ್ ಕೊಡಲಿಲ್ಲ.

"ಎಲ್ಲಿ ಒತ್ಬೇಕು ಅಂತ ಮಾತ್ರ ತೋರ್ಸಪ್ಪ."

ತೋರಿಸಿದ.

"ಈಗ ಆ ಕಡೆ ತಿರುಗು."

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಗುಬ್ಬಿಯ ಯಾವ ಮನೆಯಲ್ಲೂ ಅವನಿಗೆ ಈ ಮಾತು ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿಕೊಂಡು ಸಂಗಮೇಶ ಗೋಡೆಯ ಕಡೆ ತಿರುಗಿ ನಿಂತ. ಬೆನ್ನ ಹಿಂದೆ ಅವರು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು.