ಇಳಿಯದ ಐದು ಕೆ.ಜಿ.

ಚಿತ್ರದುರ್ಗಕ್ಕೆ ಬಂದ ಮೂರನೇ ದಿನ ನನ್ನನ್ನು ಶೇಂಗಾ ಚೀಲ ತೂಗುವ ಯಂತ್ರದ ಮೇಲೆ ನಿಲ್ಲಿಸಿದರು. ನಾವು ನೆಲಕಡಲೆ ಎನ್ನುವುದು ಇಲ್ಲಿ ಶೇಂಗಾ. ಪತ್ರಿಕೆಯವರು ನನ್ನನ್ನು ಕುಂದಾಪುರದಿಂದ ಇಲ್ಲಿಗೆ ವರ್ಗ ಮಾಡಿದಾಗ ಬಾಡಿಗೆಗೆ ಸಿಕ್ಕಿದ್ದು ಶೇಂಗಾ ವ್ಯಾಪಾರಿಗಳ ಮನೆಯ ಮಹಡಿ. ಕೆಳಗಿನ ಪಡಸಾಲೆಯಲ್ಲಿ ಯಂತ್ರ, ಅದರ ಪಕ್ಕದಲ್ಲಿ ಮನೆಯೊಡತಿ ರುದ್ರಮ್ಮ.

"ಮೆಟ್ಲು ಹತ್ತಾಕೆ ಇಷ್ಟು ಏದುಸಿರು ಬಿಡ್ತೀರಲ್ರಿ ಮೇಡಂ. ನಿಲ್ರಿ, ಎಷ್ಟೈತೆ ನೋಡಾಣ."

ಕುಂದಾಪುರದಲ್ಲಿ ಇಂಥ ಮಾತನ್ನು ಬೆನ್ನ ಹಿಂದೆ ಆಡುತ್ತಾರೆ. ಇಲ್ಲಿ ಎದುರಿಗೇ ಆಡಿ, ಆಮೇಲೆ ಟೀ ಕೊಡುತ್ತಾರೆ. ಹೆಗಲಿನ ಕ್ಯಾಮೆರಾ ಬ್ಯಾಗ್ ಇಳಿಸಹೋದೆ.

"ಇರ್ಲಿ ಬಿಡ್ರಿ. ಪ್ರತಿ ಸಲ ಅದನ್ನೇ ಹಾಕ್ಕಂಡು ನಿಲ್ರಿ. ಇಳಿದಿದ್ದು ಗೊತ್ತಾಗ್ತೈತೆ."

ತೊಂಬತ್ತಾರು. ಚೀಲ ಹೊಲಿಯುತ್ತಿದ್ದ ಹಮಾಲ ತಲೆ ಎತ್ತಿ, "ಎರಡು ಚೀಲದ ಮೇಲಾತಲ್ಲ ಯಕ್ಕಾ!" ಎಂದ. ರುದ್ರಮ್ಮ ಅವನನ್ನು ಗದರಿ, ಸೀಮೆಸುಣ್ಣದಲ್ಲಿ ಆ ಅಂಕಿಯನ್ನು ಗೋಡೆಗೆ ಬರೆದರು.

ಮಂಡಿನೋವಿಗೆ ತೂಕ ಇಳಿಸಲೇಬೇಕು ಎಂದು ವೈದ್ಯರು ಊರಲ್ಲೇ ಹೇಳಿದ್ದರು. ನಾನು ಕೇಳಿರಲಿಲ್ಲ. ರುದ್ರಮ್ಮ ಕೇಳಿಸಿದರು. ಬೆಳಿಗ್ಗೆ ಊರಂಚಿನ ಚಂದ್ರವಳ್ಳಿಯವರೆಗೆ ನಡಿಗೆ. ಅರವತ್ತು ದಾಟಿದ ಅವರು ಹವಾಯಿ ಚಪ್ಪಲಿಯಲ್ಲಿ ಮುಂದೆ, ಹೊಸ ಶೂ ಹಾಕಿದ ನಾನು ಹಿಂದೆ. ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು. ನಾನು ಮುದ್ದೆಯನ್ನು ಅಗಿದೆ. "ಅಗಿಬ್ಯಾಡ್ರಿ, ನುಂಗ್ರಿ. ಹಲ್ಲಿಗೆ ಅಲ್ಲ ಅದು, ಹೊಟ್ಟೆಗೆ." ಮೂರು ಹೊತ್ತು ಕುಚ್ಚಲಕ್ಕಿ ಅನ್ನ ಉಂಡವಳಿಗೆ ಅನ್ನ ಒಂದು ಹಿಡಿಗೆ ಇಳಿಯಿತು. ಅವರು ಉಪವಾಸವಿರುವ ಸೋಮವಾರವೇ ನನ್ನ ತೂಕದ ದಿನ.

ಒಂದು ಸೋಮವಾರ ಹೇಳಿದರು: "ನೀವು ಎಷ್ಟು ಕೇಜಿ ಇಳೀತೀರೋ ಅಷ್ಟು ಬೆಲ್ಲ ಮಠದ ದಾಸೋಹಕ್ಕೆ ಕೊಡ್ತೀನಂತ ಹರಕೆ ಹೊತ್ತೀನಿ." ಬಾಡಿಗೆಯವಳ ಮೈತೂಕಕ್ಕೆ ಹರಕೆ ಹೊರುವವರನ್ನು ನಮ್ಮೂರಿನಲ್ಲಿ ನಾನು ಕಂಡಿರಲಿಲ್ಲ.

ಆದರೆ ನಾನು ತಿನ್ನುತ್ತಿದ್ದೆ. ವರದಿಗೆಂದು ಹೊಳಲ್ಕೆರೆಗೆ ಹೋದರೆ ಬಸ್ ನಿಲ್ದಾಣದ ಬಳಿ ಖಾರ ಮಂಡಕ್ಕಿ, ಮಿರ್ಚಿ. ಮಂಡಕ್ಕಿಯೆಂದರೆ ನಮ್ಮ ಚುರುಮುರಿಯೇ. ಹಿರಿಯೂರಿಗೆ ಹೋದ ದಿನ ಐಮಂಗಲದಲ್ಲಿ ಬಸ್ಸಿಳಿದು ಪೂರಿ. ಎರಡು ವಾರ ಅಂಕಿ ಅಲುಗಲಿಲ್ಲ. ಹರಕೆ ಹೊತ್ತವರ ಮುಖ ನೋಡಲಾಗಲಿಲ್ಲ. ಮೂರನೇ ಸೋಮವಾರ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಿಟ್ಟೆ. ಮರುವಾರ ದೊಡ್ಡ ಲೆನ್ಸ್. ಆಮೇಲೆ ಲ್ಯಾಪ್‌ಟಾಪ್, ಕೊನೆಗೆ ಕ್ಯಾಮೆರಾ. ಬ್ಯಾಗ್ ಉಬ್ಬಿರಲೆಂದು ಒಳಗೆ ದುಪ್ಪಟ್ಟ ತುರುಕಿದೆ. ಗೋಡೆಯ ಮೇಲೆ ತೊಂಬತ್ತೊಂದು ಬಂತು. ಇಳಿದದ್ದು ಬ್ಯಾಗ್.

ರುದ್ರಮ್ಮ ಐದು ಕೆ.ಜಿ. ಬೆಲ್ಲದೊಂದಿಗೆ ನನ್ನನ್ನೂ ಮಠಕ್ಕೆ ಕರೆದೊಯ್ದರು. ಪಂಕ್ತಿಯಲ್ಲಿ ಕೂತವರಿಗೆಲ್ಲ ಹೇಳಿದರು: "ನಮ್ಮ ಮೇಡಂ ಐದು ಕೇಜಿ ಇಳಿದ್ರು." ಪಾಯಸ ಬಂದಾಗ ನಾನು ಎಲೆಗೆ ಕೈ ಅಡ್ಡ ಇಟ್ಟೆ. "ಬ್ಯಾಡ ಅನಬಾರ್ದು. ನಿಮ್ಮದೇ ಬೆಲ್ಲ," ಎಂದರು. ನಾನು ಉಂಡೆ.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಮರುದಿನ ಚಂದ್ರವಳ್ಳಿ ದಾರಿಯಲ್ಲಿ ಎಲ್ಲ ಹೇಳಿದೆ. ರುದ್ರಮ್ಮ ನಿಂತರು.

"ಶೇಂಗಾದಾಗೆ ಮಣ್ಣು ಬೆರೆಸೋರ್ನ ಭಾಳ ನೋಡೀನಿ. ಅದು ವ್ಯಾಪಾರದಾಗೆ. ನೀವು ಮಠದಾಗೆ ನನ್ ಬಾಯಿಂದ ಸುಳ್ಳು ಹೇಳಿಸಿದ್ರಲ್ರಿ."

ಮನೆಯ ಕಡೆ ತಿರುಗಿದರು. ಸಂಜೆಗೆ ಗೋಡೆಯ ಅಂಕಿಗಳು ಅಳಿಸಿಹೋಗಿದ್ದವು. ಮುದ್ದೆ ಮಾತ್ರ ನಿಲ್ಲಲಿಲ್ಲ. ಮಧ್ಯಾಹ್ನ ಮೆಟ್ಟಿಲ ಮೇಲೆ ಮುಚ್ಚಿಟ್ಟ ತಟ್ಟೆ ಇರುತ್ತಿತ್ತು. ಅದನ್ನು ಉಣ್ಣುವುದೇ ಹೆಚ್ಚು ಕಷ್ಟವಾಯಿತು. ಬೆಳಿಗ್ಗೆ ಒಬ್ಬಳೇ ನಡೆದೆ. ಹೊಳಲ್ಕೆರೆಯಲ್ಲಿ ಮಿರ್ಚಿ ಕರಿಯುವ ಬಾಣಲೆಯ ಮುಂದೆ ನಿಲ್ಲದೆ ಹೋದೆ. ಒಮ್ಮೆ ನಿಂತೆ. ಅದನ್ನೂ ಬರೆಯಬೇಕು.

ಎರಡು ತಿಂಗಳ ನಂತರ ಊರಿಗೆ ಹೋದರೆ ಅಕ್ಕ ಬಾಗಿಲಲ್ಲೇ, "ಎಂತ ಇದು, ಇಷ್ಟು ಸಪೂರ ಆದದ್ದು? ಅಲ್ಲಿ ಅನ್ನ ಸಿಗುದಿಲ್ವಾ?" ಎಂದಳು. ಅವಳಿಗೆ ಹೆಮ್ಮೆಯಾಗಲಿಲ್ಲ, ಅಳು ಬಂತು. ಗಂಜಿ, ಮೀನು ಬಡಿಸಿದಳು. ನಾನು ಅನ್ನವನ್ನೂ ಅಗಿಯದೆ ನುಂಗುತ್ತಿದ್ದೆನಂತೆ. ಅವಳೇ ತೋರಿಸಿ ನಕ್ಕಳು. "ನಮ್ಮ ದುರ್ಗದಲ್ಲಿ..." ಎಂದು ಶುರು ಮಾಡಿ ನಿಲ್ಲಿಸಿದೆ. ದುರ್ಗವನ್ನು ನಮ್ಮದು ಎನ್ನಲು ಅಲ್ಲಿ ಯಾರ ಒಪ್ಪಿಗೆ ಇತ್ತು?

ಮರಳಿದ ಸೋಮವಾರ, ಯಾರೂ ಕರೆಯದೆ, ಯಂತ್ರದ ಬಳಿ ಹೋದೆ. ಬ್ಯಾಗ್ ನೆಲಕ್ಕಿಟ್ಟೆ. ಫೋನ್ ಇಟ್ಟೆ. ಶೂ ಬಿಚ್ಚಿದೆ. ಬರಿಗಾಲಲ್ಲಿ ನಿಂತೆ. ಎಂಬತ್ತೇಳು. ಗೋಡೆ ಬರಿದಾಗಿತ್ತು. ಸೀಮೆಸುಣ್ಣ ಕಿಟಕಿಯಲ್ಲಿತ್ತು, ಮುಟ್ಟಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ರುದ್ರಮ್ಮ ನಿಂತಿದ್ದರು. ಅಂಕಿಯನ್ನು ನೋಡಿದರು, ನೆಲದ ಮೇಲಿದ್ದ ಬ್ಯಾಗನ್ನು ನೋಡಿದರು, ನನ್ನ ಕೈ ನೋಡಿದರು.

"ವಾಚೂ ಬಿಚ್ರಿ," ಎಂದರು.